ಮರುಭೂಮಿ ಅಂದರೆ ಬಿಸಿಲು ಅಂತ ಹೊರಡಬೇಡಿ: ಡಿಸೆಂಬರಿನಲ್ಲಿ ಡೆತ್ ವ್ಯಾಲಿಯಿಂದ ಗ್ರ್ಯಾಂಡ್ ಕ್ಯಾನ್ಯನ್‌ವರೆಗೆ

ಪ್ರಶ್ನೆ: ನಾವು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಸಾನ್ ಹೋಸೆಯಲ್ಲಿದ್ದೇವೆ. ಮೈಸೂರಿನಿಂದ ಅತ್ತೆ, ಮಾವ ಬಂದಿದ್ದಾರೆ. ಮಕ್ಕಳಿಬ್ಬರು, ಆರು ಮತ್ತು ಹನ್ನೊಂದು ವರ್ಷ. ಕ್ರಿಸ್ಮಸ್ ರಜೆಯಲ್ಲಿ ಎಂಟು ದಿನ ಬಾಡಿಗೆ ಮಿನಿವ್ಯಾನ್‌ನಲ್ಲಿ ಡೆತ್ ವ್ಯಾಲಿ, ಲಾಸ್ ವೇಗಸ್, ಜಯಾನ್, ಬ್ರೈಸ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್‌ನ ಎರಡೂ ದಂಡೆ ನೋಡಿಕೊಂಡು, ವಾಪಸ್ ಬರುವಾಗ ಯೊಸೆಮಿಟಿಯ ಟಯೋಗ ಪಾಸ್ ಅನ್ನುವ ಘಟ್ಟದ ದಾರಿ ಮೇಲೆ ಬರೋಣ ಅಂತ ನಮ್ಮ ಯಜಮಾನರ ಲೆಕ್ಕ. ಮರುಭೂಮಿ ತಾನೇ, ಅಷ್ಟೇನೂ ಚಳಿ ಇರಲ್ಲ ಅಂತಾರೆ. ಮಾವನಿಗೆ 72, ಬಿಪಿ ಇದೆ, ಇನ್ಸುಲಿನ್ ತಗೊಳ್ತಾರೆ. ಅತ್ತೆಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಈ ಪ್ಲಾನ್ ಸರಿ ಇದೆಯಾ? ಹಿಮದಲ್ಲಿ ಜಾರದ ಹಾಗೆ ಟಯರಿಗೆ ಚೈನ್ ಬೇಕಾ?

ಉತ್ತರ: ಹೋಗಿ ಬನ್ನಿ. ಈ ಊರುಗಳನ್ನು ನೋಡಲು ಚಳಿಗಾಲವೇ ಒಳ್ಳೆಯದು ಅನ್ನುವವನು ನಾನು. ಆದರೆ ನಿಮ್ಮ ಯಜಮಾನರ ಪಟ್ಟಿಯಲ್ಲಿ ಎರಡು ಜಾಗಗಳಿಗೆ ಈಗ ದಾರಿಯೇ ಇಲ್ಲ. ಟಯೋಗ ಪಾಸ್ 3,000 ಮೀಟರಿಗಿಂತ ಎತ್ತರದಲ್ಲಿದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಚ್ಚಿದರೆ ತೆರೆಯುವುದು ಮೇ ಕೊನೆಗೋ ಜೂನ್‌ಗೋ. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ದಂಡೆಗೆ ಹೋಗುವ 67ನೇ ಹೆದ್ದಾರಿಯೂ ಚಳಿಗಾಲ ಪೂರ್ತಿ ಬಂದ್. ಎರಡನ್ನೂ ಹೊಡೆದುಹಾಕಿ. ದಕ್ಷಿಣ ದಂಡೆ ವರ್ಷವಿಡೀ ತೆರೆದಿರುತ್ತದೆ, ನಿಮಗೆ ಅದು ಸಾಕು.

ಇನ್ನು ಆ "ಮರುಭೂಮಿ ತಾನೇ" ಅನ್ನುವ ಮಾತು. ಸುಮಾರು ಇಪ್ಪತ್ತು ವರ್ಷದಿಂದ ಈ ಕಡೆ ಪ್ರವಾಸ ಹೋಗುವವರಿಗೆ ದಾರಿ ಹಾಕಿಕೊಡುತ್ತಿದ್ದೇನೆ, ಜನ ಎಡವುವುದು ಹೆಚ್ಚಾಗಿ ಇಲ್ಲೇ. ಮ್ಯಾಪ್‌ನಲ್ಲಿ ಎಲ್ಲರೂ ಮೈಲಿ ನೋಡುತ್ತಾರೆ, ಎತ್ತರ ಯಾರೂ ನೋಡುವುದಿಲ್ಲ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಲಾಸ್ ವೇಗಸ್ ಸುಮಾರು 600 ಮೀಟರ್ ಎತ್ತರ. ಜಯಾನ್ ಕಣಿವೆ 1,200. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ದಂಡೆ 2,100. ಬ್ರೈಸ್‌ನ ಅಂಚು 2,400ರಿಂದ 2,700. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್, ಅಂದರೆ ಕರ್ನಾಟಕದ ಅತಿ ಎತ್ತರದ ಜಾಗಕ್ಕಿಂತ ಸುಮಾರು ಐನೂರು ಮೀಟರ್ ಮೇಲೆ ನೀವು ರಾತ್ರಿ ಮಲಗುತ್ತೀರಿ. ಸಾವಿರ ಮೀಟರ್ ಹತ್ತಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ಡೆತ್ ವ್ಯಾಲಿಯಲ್ಲಿ ಡಿಸೆಂಬರ್ ಮಧ್ಯಾಹ್ನ 18 ಡಿಗ್ರಿ ಸೆಲ್ಸಿಯಸ್, ಹಿತವಾಗಿರುತ್ತದೆ. ಎರಡು ಮೂರು ದಿನ ಬಿಟ್ಟು ಬ್ರೈಸ್‌ನಲ್ಲಿ ರಾತ್ರಿ ಮೈನಸ್ 10ರ ಕೆಳಗೆ ಇಳಿಯುವುದು ಮಾಮೂಲು. ಗಾಳಿಯಲ್ಲಿ ತೇವ ಇಲ್ಲದ್ದರಿಂದ ಸೂರ್ಯ ಇಳಿದ ಕೂಡಲೇ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹಾರಿಹೋಗುತ್ತದೆ, ಮರುಭೂಮಿಯ ಚಳಿ ಅಷ್ಟು ಬೇಗ ಏರುವುದು ಅದಕ್ಕೇ.

ಎರಡನೆಯದು ಹಗಲು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಕು ಸಿಗುವುದು ಒಂಬತ್ತೂವರೆ ಗಂಟೆ ಅಷ್ಟೇ. ವೇಗಸ್‌ನಲ್ಲಿ ನಾಲ್ಕೂವರೆಗೆ ಸೂರ್ಯಾಸ್ತ. ನೆವಾಡದಿಂದ ಯೂಟಾ ಕಡೆ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಹಾಗಾಗಿ ಆ ದಿನ ಬೆಳಗ್ಗೆ ನಿಧಾನವಾಗಿ ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೆ ಕೆಟ್ಟಿರಿ. ಕತ್ತಲಾದ ಮೇಲೆ ಬೆಟ್ಟದ ರಸ್ತೆಯಲ್ಲಿ ಗಾಡಿ ಓಡಿಸಬೇಡಿ. ನನ್ನ ಬಿಗಿ ನಿಯಮ ಇದೊಂದೇ, ಉಳಿದದ್ದರಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಕಾರಣ ಹೇಳುತ್ತೇನೆ. ಬ್ರೈಸ್‌ನಲ್ಲಿ ನೀವು ನೋಡಲು ಹೋಗುವ ಆ ಕೆಂಪು ಕಲ್ಲಿನ ಕಂಬಗಳಿವೆಯಲ್ಲ, ಹೂಡೂ ಅಂತಾರೆ, ಅವನ್ನು ಕೆತ್ತಿದ್ದು ಮುಖ್ಯವಾಗಿ ಹೆಪ್ಪುಗಟ್ಟುವ ನೀರು. ಹಗಲು ಹಿಮ ಕರಗಿ ಬಿರುಕಿಗೆ ಇಳಿಯುತ್ತದೆ, ರಾತ್ರಿ ಗಟ್ಟಿಯಾಗಿ ಉಬ್ಬಿ ಕಲ್ಲನ್ನು ಸೀಳುತ್ತದೆ. ವರ್ಷಕ್ಕೆ ಸುಮಾರು 170ರಿಂದ 200 ದಿನ ಅಲ್ಲಿ ಇದೇ ನಡೆಯುತ್ತದೆ. ಅದೇ ನೀರು ರಸ್ತೆ ಮೇಲೂ ಇರುತ್ತದೆ, ಅಲ್ವಾ? ಮಧ್ಯಾಹ್ನ ಪಕ್ಕದ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುತ್ತದೆ, ಸಂಜೆ ಐದರ ಹೊತ್ತಿಗೆ ಗಾಜಿನ ಪದರ ಆಗುತ್ತದೆ. ಡಾಂಬರು ಒದ್ದೆಯಾಗಿದೆ ಅಂತ ಕಣ್ಣಿಗೆ ಕಾಣುತ್ತದೆ ಅಷ್ಟೇ, ಅದು ಐಸ್ ಅಂತ ಗೊತ್ತಾಗುವುದಿಲ್ಲ. ಬ್ಲ್ಯಾಕ್ ಐಸ್ ಅನ್ನುವುದು ಇದನ್ನೇ. ಸೇತುವೆ ಮೇಲೆ ಮೊದಲು ಕಟ್ಟುತ್ತದೆ, ಬೆಟ್ಟದ ನೆರಳಿನ ತಿರುವುಗಳಲ್ಲಿ ಮಧ್ಯಾಹ್ನವೂ ಉಳಿದಿರುತ್ತದೆ. ಸಾಲದ್ದಕ್ಕೆ ಜಿಂಕೆಗಳು ರಸ್ತೆಗೆ ಬರುವುದೂ ಅದೇ ಮುಸ್ಸಂಜೆ ಹೊತ್ತಿನಲ್ಲಿ.

ಈಗ ದಾರಿ. ಎಂಟು ದಿನ ಸಾಲದು, ಒಂಬತ್ತು ಮಾಡಿ. ಮಾನ್ಯುಮೆಂಟ್ ವ್ಯಾಲಿ ಬಿಡಿ, ಚೆನ್ನಾಗಿಲ್ಲ ಅಂತಲ್ಲ, ದಾರಿಯಲ್ಲಿ ಸಿಗುವ ಅರಿಜೋನಾದ ಪೇಜ್ ಊರಿನಿಂದ ಮತ್ತೆ ನೂರಿಪ್ಪತ್ತು ಮೈಲಿಗೂ ಹೆಚ್ಚು ಪೂರ್ವಕ್ಕೆ ಹೋಗಿ ಬರಬೇಕು. ಗ್ರ್ಯಾಂಡ್ ಕ್ಯಾನ್ಯನ್ ಬಿಡಿ ಅಂತ ನಾನು ಹೇಳುವುದಿಲ್ಲ. ಮೈಸೂರಿಗೆ ವಾಪಸ್ ಹೋದ ಮೇಲೆ ನೆಂಟರು ಮೊದಲು ಕೇಳುವುದು ಅದನ್ನೇ.

ಮೊದಲ ದಿನ ಡೆತ್ ವ್ಯಾಲಿವರೆಗೆ ಎಳೆಯಬೇಡಿ, ಎಂಟು ಗಂಟೆ ದಾರಿ, ಕೊನೆಯ ಎರಡು ಗಂಟೆ ಕತ್ತಲಲ್ಲಿ ಘಟ್ಟ ಇಳಿಯುವುದೇ ಆಗುತ್ತದೆ. ರಿಡ್ಜ್‌ಕ್ರೆಸ್ಟ್‌ನಲ್ಲಿ ಉಳಿದುಕೊಳ್ಳಿ. ಆ ದಿನದ ಅಪಾಯ ಹಿಮ ಅಲ್ಲ, ಮಂಜು. ಸೆಂಟ್ರಲ್ ವ್ಯಾಲಿಯಲ್ಲಿ ಮಳೆ ಬಂದು ಬಿಟ್ಟ ಮೇಲೆ ಬೆಳಗಿನ ಹೊತ್ತು ಟೂಲಿ ಮಂಜು ಅಂತ ಕವಿಯುತ್ತದೆ, ಮುಂದಿನ ಲಾರಿಯ ಕೆಂಪು ದೀಪ ಕೂಡ ಕಾಣುವುದಿಲ್ಲ. ಹಾಗಿದ್ದರೆ ಒಂದೆರಡು ಗಂಟೆ ಎಲ್ಲಾದರೂ ಕಾಫಿ ಕುಡಿಯುತ್ತ ಕೂತುಬಿಡಿ, ಸಾಮಾನ್ಯವಾಗಿ ಬಿಸಿಲೇರಿದಂತೆ ಎದ್ದುಹೋಗುತ್ತದೆ. ಹೈ ಬೀಮ್ ಹಾಕಬೇಡಿ, ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಟೆಹಾಚಪಿ ಘಟ್ಟದಲ್ಲಿ ಗಾಳಿ ಜೋರು, ಮಿನಿವ್ಯಾನ್ ಎತ್ತರದ ಗಾಡಿ, ಎರಡೂ ಕೈ ಸ್ಟೇರಿಂಗ್ ಮೇಲೆ ಇರಲಿ.

ಎರಡನೇ ದಿನ ಪೂರ್ತಿ ಡೆತ್ ವ್ಯಾಲಿಗೆ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಇದು, ಬೇಸಿಗೆಯಲ್ಲಿ ವಯಸ್ಸಾದವರನ್ನು ಕರೆದೊಯ್ಯಲು ಆಗುವುದೇ ಇಲ್ಲ. ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳಲ್ಲಿ ಮಕ್ಕಳನ್ನು ಬಿಟ್ಟುಬಿಡಿ, ಎರಡು ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ. ಬ್ಯಾಡ್‌ವಾಟರ್‌ನಲ್ಲಿ ಉಪ್ಪಿನ ಬಯಲಿನ ಮೇಲೆ ನಿಂತು ಹಿಂದಿರುಗಿ ಬಂಡೆ ನೋಡಿ, ಸಮುದ್ರಮಟ್ಟ ಎಲ್ಲಿದೆ ಅಂತ ತಲೆಯ ಮೇಲೆ, ಬಹಳ ಎತ್ತರದಲ್ಲಿ, ಒಂದು ಬೋರ್ಡು ಇದೆ. ಮಾವನವರಿಗೆ ಅದನ್ನು ತೋರಿಸಲು ಮರೆಯಬೇಡಿ. ಅತ್ತೆಯವರು ಕಾರಿನಿಂದ ಇಳಿಯದೇ ನೋಡಬೇಕು ಅಂದರೆ ಆರ್ಟಿಸ್ಟ್ಸ್ ಡ್ರೈವ್ ಇದೆ, ಒಂಬತ್ತು ಮೈಲಿ, ಒಂದೇ ದಿಕ್ಕಿನ ರಸ್ತೆ, ಹಸಿರು, ಗುಲಾಬಿ, ನೇರಳೆ ಬಣ್ಣದ ಗುಡ್ಡಗಳು. ಪೆಟ್ರೋಲ್ ಮಾತ್ರ ಹೊರಗೇ ತುಂಬಿಸಿಕೊಳ್ಳಿ, ಒಳಗೆ ಸಿಗುತ್ತದೆ ಆದರೆ ರೇಟು ನೋಡಿ ತಲೆ ತಿರುಗುತ್ತದೆ. ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಗ್ಗೆ ಡಾಂಟೆಸ್ ವ್ಯೂ ನೋಡಿಕೊಂಡು ವೇಗಸ್‌ಗೆ ಹೋಗಿ, ನೂರಿಪ್ಪತ್ತು ಮೈಲಿ. ಮೂರನೇ ರಾತ್ರಿ ಅಲ್ಲಿ. ವೇಗಸ್ ಬಗ್ಗೆ ಹೇಳಲು ಏನಿಲ್ಲ, ಬಟ್ಟೆ ಒಗೆದುಕೊಳ್ಳಿ, ಒಳ್ಳೆ ಸೌತ್ ಇಂಡಿಯನ್ ಊಟ ಮಾಡಿ, ಅಂಗಡಿ ಸಾಮಾನು ತಗೊಳ್ಳಿ.

ನಾಲ್ಕನೇ ರಾತ್ರಿ ಜಯಾನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್‌ನಲ್ಲಿ. ಇದನ್ನು ಬಿಟ್ಟು ನೇರ ಬ್ರೈಸ್‌ಗೆ ಹೋಗಬಹುದಲ್ಲ ಅಂತ ಕೇಳುತ್ತಾರೆ. ಬೇಡ. ವೇಗಸ್‌ನ ಆರುನೂರು ಮೀಟರಿನಿಂದ ಒಂದೇ ದಿನ 2,400ಕ್ಕೆ ಹೋಗುವುದಕ್ಕಿಂತ ಮಧ್ಯೆ 1,200ರಲ್ಲಿ ಒಂದು ರಾತ್ರಿ ಮಲಗಿದರೆ ನಿಮ್ಮ ಮಾವನಂಥವರಿಗೆ ಒಳ್ಳೆಯದು. ಐದನೇ ದಿನ ಜಯಾನ್ ನೋಡಿ, 1930ರಲ್ಲಿ ಬೆಟ್ಟ ಕೊರೆದು ಮಾಡಿದ ಒಂದು ಮೈಲಿಗೂ ಉದ್ದದ ಸುರಂಗ ದಾಟಿ, ಎಂಬತ್ತೈದು ಮೈಲಿ ದೂರದ ಬ್ರೈಸ್‌ಗೆ ನಾಲ್ಕು ಗಂಟೆಯೊಳಗೆ ಸೇರಿಕೊಳ್ಳಿ.

ಆ ಎಂಬತ್ತೈದು ಮೈಲಿಯಲ್ಲಿ ನನಗಾದದ್ದನ್ನು ಹೇಳಿಬಿಡುತ್ತೇನೆ. ಹಲವು ವರ್ಷದ ಹಿಂದೆ, ಜನವರಿ. ಮೌಂಟ್ ಕಾರ್ಮೆಲ್ ಜಂಕ್ಷನ್‌ನಿಂದ 89ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುತ್ತಿದ್ದೆ. ಹಿಂದಿನ ದಿನ ಹಿಮ ಬಿದ್ದಿತ್ತು, ರಸ್ತೆಗೆ ಉಪ್ಪು ಹಾಕಿದ್ದರು. ಎದುರಿಗೆ ಬಂದ ಲಾರಿ ಒಂದು ಬಕೆಟ್‌ನಷ್ಟು ಉಪ್ಪು ಹಿಮದ ಕೆಸರನ್ನು ಗಾಜಿಗೆ ರಾಚಿ ಹೋಯಿತು. ವೈಪರ್ ನೀರು ಒತ್ತಿದೆ. ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತುಂಬಿಸಿದ್ದ ಮಾಮೂಲಿ ನೀರು ಅದು, ಟ್ಯಾಂಕಿನಲ್ಲೇ ಹೆಪ್ಪುಗಟ್ಟಿತ್ತು. ವೈಪರ್ ಆಡಿದಷ್ಟೂ ಕೆಸರು ಸುಣ್ಣ ಬಳಿದ ಹಾಗೆ ಹರಡಿತು. ಪಕ್ಕಕ್ಕೆ ಹಾಕಿ, ಇಳಿದು, ಬುದ್ಧಿವಂತನ ಹಾಗೆ ಕುಡಿಯುವ ನೀರಿನ ಬಾಟ್ಲಿ ತೆಗೆದು ಗಾಜಿನ ಮೇಲೆ ಸುರಿದೆ. ಒರೆಸುವಷ್ಟರಲ್ಲಿ ಅದೂ ಐಸ್ ಆಯಿತು. ಕೊನೆಗೆ ಹೆಂಡತಿಯ ಹಳೇ ಲೈಬ್ರರಿ ಕಾರ್ಡಿನಲ್ಲಿ ಗಾಜು ಕೆರೆದು, ಹೀಟರನ್ನು ಜೋರಾಗಿ ಗಾಜಿಗೆ ಬಿಟ್ಟು, ತಲೆ ಬಗ್ಗಿಸಿ ಒಂದು ಅಂಗೈಯಷ್ಟು ತೂತಿನಿಂದ ನೋಡಿಕೊಂಡು ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋದೆ. ಅಲ್ಲಿ ಮೈನಸ್ 20 ಫ್ಯಾರನ್‌ಹೈಟ್‌ವರೆಗೂ ಗಟ್ಟಿಯಾಗದ ವೈಪರ್ ದ್ರವ ಸಿಕ್ಕಿತು, ದೊಡ್ಡ ಖರ್ಚೇನೂ ಅಲ್ಲ. ನೀವು ಬಾಡಿಗೆ ಗಾಡಿ ಕೈಗೆ ಬಂದ ದಿನವೇ ಇದನ್ನು ಮಾಡಿ. ಟ್ಯಾಂಕಿನಲ್ಲಿರುವ ನೀರನ್ನು ಒತ್ತಿ ಒತ್ತಿ ಖಾಲಿ ಮಾಡಿ, ಈ ದ್ರವ ತುಂಬಿಸಿ. ಇರುವುದರ ಮೇಲೇ ಸುರಿದರೆ ತೆಳ್ಳಗಾಗಿ ಅದೂ ಗಟ್ಟಿಯಾಗುತ್ತದೆ. ಐಸ್ ಕೆರೆಯುವ ಪ್ಲಾಸ್ಟಿಕ್ ಸ್ಕ್ರೇಪರ್ ಒಂದು ಇಟ್ಟುಕೊಳ್ಳಿ.

ಹಾಗೆಯೇ ಬ್ರೈಸ್‌ನಲ್ಲಿ ಬೆಳಗ್ಗೆ ಗಾಡಿ ಶುರು ಮಾಡಿದಾಗ ಟಯರ್ ಗಾಳಿಯ ಹಳದಿ ದೀಪ ಹತ್ತಿಕೊಂಡರೆ ಗಾಬರಿ ಬೇಡ. ಹತ್ತು ಡಿಗ್ರಿ ಫ್ಯಾರನ್‌ಹೈಟ್ ಇಳಿದರೆ ಟಯರಿನ ಗಾಳಿ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಸಾನ್ ಹೋಸೆಯ ಅರವತ್ತರಿಂದ ಅಲ್ಲಿನ ಹತ್ತಕ್ಕೆ ಬಂದಿದ್ದೀರಿ, ಐದು ಪಿಎಸ್‌ಐ ಹೋಯಿತು. ಸುತ್ತ ಒಂದು ಸಲ ನೋಡಿ, ಪಂಕ್ಚರ್ ಇಲ್ಲದಿದ್ದರೆ ಬಂಕ್‌ನಲ್ಲಿ ಗಾಳಿ ತುಂಬಿಸಿ ಹೊರಡಿ.

ಚೈನ್ ವಿಷಯ. ಹೆಚ್ಚಿನ ಬಾಡಿಗೆ ಕಂಪನಿಗಳ ಕರಾರಿನಲ್ಲಿ ಚೈನ್ ಹಾಕುವಂತಿಲ್ಲ ಅಂತಲೇ ಬರೆದಿರುತ್ತದೆ, ಹಾಕಿ ಗಾಡಿಯ ಮೈ ಕೆತ್ತಿಹೋದರೆ ದುಡ್ಡು ನಿಮ್ಮದೇ. ಕ್ಯಾಲಿಫೋರ್ನಿಯಾದಲ್ಲಿ ಚೈನ್ ನಿಯಮಕ್ಕೆ ಆರ್1, ಆರ್2, ಆರ್3 ಅಂತ ಮೂರು ಹಂತ ಇವೆ. ಆರ್2ರಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಹಿಮದ ಟಯರ್ ಇದ್ದರೆ ಚೈನ್ ಹಾಕದೇ ಹೋಗಬಹುದು, ಆದರೆ ಗಾಡಿಯಲ್ಲಿ ಚೈನ್ ಇಟ್ಟುಕೊಂಡಿರಲೇಬೇಕು. ಆರ್3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ನನ್ನ ಸಲಹೆ ಇಷ್ಟೇ: ಮಾಮೂಲಿ ಮಿನಿವ್ಯಾನ್ ಬದಲು ಮೂರು ಸಾಲಿನ ಆಲ್ ವೀಲ್ ಡ್ರೈವ್ ಗಾಡಿ ತಗೊಳ್ಳಿ, ಟಯರ್ ಬದಿಯಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇದೆಯಾ ಅಂತ ಕೌಂಟರಿನಲ್ಲೇ ಬಗ್ಗಿ ನೋಡಿ. ಹಿಮ ಬೀಳುತ್ತಿದ್ದರೆ ಹೊರಡಲೇಬೇಡಿ. ಈ ಸೀಮೆಯಲ್ಲಿ ಹಿಮ ನಿಂತ ಮೇಲೆ ಬೇಗ ಬಿಸಿಲು ಬರುತ್ತದೆ, ಹಿಮ ತಳ್ಳುವ ಪ್ಲೌ ಗಾಡಿ ಹೋದ ಮೇಲೆ ಬಹುಪಾಲು ಅರ್ಧ ದಿನದಲ್ಲಿ ಹೆದ್ದಾರಿ ಕಪ್ಪಗೆ ಕಾಣತೊಡಗುತ್ತದೆ. ಚೈನ್ ಹಾಕುವುದಕ್ಕಿಂತ ಕಾಯುವುದು ಸುಲಭ. ಅದಕ್ಕೇ ರೂಮುಗಳನ್ನೆಲ್ಲ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೀತಿಯಲ್ಲೇ ಬುಕ್ ಮಾಡಿ. ಆಲ್ ವೀಲ್ ಡ್ರೈವ್ ಇದೆ ಅಂತ ಜೋರು ಹೋಗಬೇಡಿ, ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಕ್ರೂಸ್ ಕಂಟ್ರೋಲ್ ಆಫ್ ಇರಲಿ. ಗಾಡಿ ಜಾರಿತು ಅನ್ನಿಸಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಬ್ರೇಕ್ ಮೇಲೆ ಹಾರಬೇಡಿ, ಹೋಗಬೇಕಾದ ಕಡೆಗೆ ಸ್ಟೇರಿಂಗ್ ಮೆತ್ತಗೆ ತಿರುಗಿಸಿ.

ಆರನೇ ದಿನ ಬ್ರೈಸ್‌ನಲ್ಲಿ ಬೆಳಗ್ಗೆ ಏಳೂವರೆಗೆಲ್ಲ ಸನ್‌ರೈಸ್ ಪಾಯಿಂಟ್‌ಗೆ ಹೋಗಿ. ಕೆಂಪು ಕಂಬಗಳ ತಲೆ ಮೇಲೆ ಬಿಳಿ ಹಿಮ, ಹಿಂದಿನಿಂದ ಮೊದಲ ಬಿಸಿಲು. ಇಡೀ ಪ್ರವಾಸದಲ್ಲಿ ಒಂದೇ ನೋಟ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ಗ್ರ್ಯಾಂಡ್ ಕ್ಯಾನ್ಯನ್ ಅಲ್ಲ. ಕೆಳಗಿಳಿಯುವ ಹಾದಿಗಳು ಐಸ್ ಕಟ್ಟಿರುತ್ತವೆ, ಶೂ ಕೆಳಗೆ ಕಟ್ಟುವ ಮೈಕ್ರೋಸ್ಪೈಕ್ಸ್ ಇಲ್ಲದೆ ಯಾರೂ ಇಳಿಯಬೇಡಿ. ಅತ್ತೆಯವರಿಗೆ ಅಂಚಿನಿಂದ ನೋಡಿದರೆ ಧಾರಾಳ ಸಾಕು. ಸೀರೆ ಉಡುವವರಾದರೆ ಒಳಗೆ ಉಣ್ಣೆಯ ಲೆಗಿಂಗ್ಸ್, ಎರಡು ಜೊತೆ ಕಾಲುಚೀಲ, ಹಿಡಿತ ಇರುವ ಶೂ. ಚಪ್ಪಲಿ ಮನೆಯಲ್ಲೇ ಬಿಟ್ಟು ಬರಲಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಅಲ್ಲಿಂದ ಪೇಜ್‌ಗೆ ನೂರೈವತ್ತು ಮೈಲಿ, ಸಂಜೆ ಹಾರ್ಸ್‌ಶೂ ಬೆಂಡ್. ಒಂಬತ್ತನೇ ದಿನ ಸಿಗಲೇ ಇಲ್ಲ ಅಂದರೆ ಕತ್ತರಿ ಹಾಕಬೇಕಾದ್ದು ಈ ಪೇಜ್ ರಾತ್ರಿಗೆ. ಬ್ರೈಸ್‌ನಿಂದ ಸೂರ್ಯೋದಯ ನೋಡಿ ಒಂಬತ್ತಕ್ಕೆ ಹೊರಟರೆ ಹಗಲಿನಲ್ಲೇ ದಕ್ಷಿಣ ದಂಡೆ ಮುಟ್ಟಬಹುದು. ಈ ದಾರಿಗೆ ಮ್ಯಾಪ್ ಹಾಕುವಾಗ ದಕ್ಷಿಣ ದಂಡೆಯ ಡೆಸರ್ಟ್ ವ್ಯೂ ಅಂತ ಬಿಡಿಸಿ ಹಾಕಿ, ಬರೀ ಗ್ರ್ಯಾಂಡ್ ಕ್ಯಾನ್ಯನ್ ಅಂತ ಅಲ್ಲ. 2016ರ ಡಿಸೆಂಬರಿನಲ್ಲಿ ನಿಮ್ಮ ಹಾಗೇ ಕ್ರಿಸ್ಮಸ್ ರಜೆಗೆ ಬಂದ ಒಂದು ಕುಟುಂಬ ಉತ್ತರ ದಂಡೆ ಕಡೆ ಹೊರಟಿತು. ಹೆದ್ದಾರಿ ಮುಚ್ಚಿತ್ತು, ಜಿಪಿಎಸ್ ಕಾಡಿನ ರಸ್ತೆ ತೋರಿಸಿತು, ಕಾರು ಹೂತುಕೊಂಡಿತು, ಫೋನಿಗೆ ಸಿಗ್ನಲ್ ಇಲ್ಲ. ಗಂಡನನ್ನೂ ಮಗನನ್ನೂ ಕಾರಿನಲ್ಲಿ ಬಿಟ್ಟು ಆ ತಾಯಿ ಸಹಾಯ ಹುಡುಕುತ್ತ ಹಿಮದಲ್ಲಿ ಸುಮಾರು 40 ಕಿಲೋಮೀಟರ್ ನಡೆದರು. ಮೂವರೂ ಬದುಕಿ ಬಂದರು ಅನ್ನುವುದೇ ದೊಡ್ಡದು. ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾದರೆ ಫೋನು ಏನೇ ಹೇಳಲಿ, ಗಾಡಿ ತಿರುಗಿಸಿ. ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ಹೋಗಬೇಡಿ. ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ ಹಾಕಿ, ಅದಕ್ಕೂ ಮುಂಚೆ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಲ್ಲ ಅಂತ ನೋಡಿ, ಇಲ್ಲದಿದ್ದರೆ ವಿಷಗಾಳಿ ಒಳಗೆ ಬರುತ್ತದೆ. ಆರು ಜನಕ್ಕೆ ಆರು ಕಂಬಳಿ, ನೀರು, ಟಾರ್ಚ್, ಪವರ್ ಬ್ಯಾಂಕ್, ಕುರುಕಲು ತಿಂಡಿ ಸೀಟಿನ ಹತ್ತಿರವೇ ಇರಲಿ. ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಚಳಿಗಾಲಕ್ಕೆ ಒಂದು ಲಾಭ ಇದೆ. ಹರ್ಮಿಟ್ ರೋಡ್ ಅಂತ ಏಳು ಮೈಲಿ, ದಂಡೆಯ ಉದ್ದಕ್ಕೂ ಹೋಗುವ ರಸ್ತೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿಗೆ ಪಾರ್ಕ್ ಬಸ್ಸು ಮಾತ್ರ, ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ನಮ್ಮದೇ ಕಾರು ಬಿಡುತ್ತಾರೆ. ಮಂಡಿನೋವಿನವರಿಗೆ ಇದಕ್ಕಿಂತ ಬೇಕಾ? ಒಂದೊಂದು ಪಾಯಿಂಟ್‌ನಲ್ಲಿ ನಿಲ್ಲಿಸಿ, ಅತ್ತೆ ಹತ್ತು ಹೆಜ್ಜೆ ಹಾಕಿ ನೋಡಿ ಬಂದು ಹೀಟರ್ ಮುಂದೆ ಕೂರಬಹುದು. ಎಂಟನೇ ದಿನ ಮಧ್ಯಾಹ್ನ 40ನೇ ಇಂಟರ್‌ಸ್ಟೇಟ್ ಹಿಡಿದು ನೀಡಲ್ಸ್‌ನಲ್ಲಿ, ಸಾಧ್ಯವಾದರೆ ಬಾರ್ಸ್ಟೋದಲ್ಲಿ ಉಳಿದು ಒಂಬತ್ತನೇ ದಿನ ಮನೆ.

ಪ್ರವೇಶ ಶುಲ್ಕದ ನಿಯಮ 2026ರ ಜನವರಿ 1ರಿಂದ ಬದಲಾಗಿದೆ. ಅಮೆರಿಕದ ನಿವಾಸಿಗಳಿಗೆ ವರ್ಷದ ಪಾಸ್ 80 ಡಾಲರ್, ಹೊರಗಿನವರಿಗೆ 250. ಗ್ರ್ಯಾಂಡ್ ಕ್ಯಾನ್ಯನ್, ಬ್ರೈಸ್, ಜಯಾನ್ ಸೇರಿ 11 ಪಾರ್ಕ್‌ಗಳಲ್ಲಿ ವರ್ಷದ ಪಾಸ್ ಇಲ್ಲದ ಹೊರದೇಶದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವೂ ಇದೆ. ಅತ್ತೆ ಮಾವ ವೀಸಾದಲ್ಲಿ ಬಂದವರಾದ್ದರಿಂದ ಹೊರಡುವ ವಾರ ಪಾರ್ಕ್‌ನ ಸೈಟ್‌ನಲ್ಲಿ ಇದನ್ನು ಓದಿಕೊಂಡೇ ಹೋಗಿ, ಗುರುತಿನ ಚೀಟಿ ಕೈಯಲ್ಲಿರಲಿ.

ಮಾವನವರ ಬಗ್ಗೆ. ಎತ್ತರಕ್ಕೆ ಹೋಗುತ್ತಿದ್ದೇವೆ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ. ಬ್ರೈಸ್‌ನಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಮಗೂ ಇದ್ದದ್ದೇ, ಆದರೆ ಕೂತಾಗಲೂ ಉಸಿರು ಸಿಗದಿದ್ದರೆ, ಎದೆ ಬಿಗಿದರೆ, ತಡಮಾಡದೆ 911ಕ್ಕೆ ಕರೆ ಮಾಡಿ. ಬಾಯಾರಿಕೆ ಆಗದಿದ್ದರೂ ಆಗಾಗ ನೀರು ಕುಡಿಸಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿಸಿ ಮತ್ತೆ ಬಳಸುವಂತಿಲ್ಲ. ರಾತ್ರಿ ಕಾರಿನಲ್ಲಿ ಬಿಡಬೇಡಿ, ಡಿಕ್ಕಿಯ ಸೂಟ್‌ಕೇಸಿನಲ್ಲೂ ಬೇಡ. ಹಗಲು ಅವರ ಜಾಕೆಟ್‌ನ ಒಳಜೇಬಿನಲ್ಲಿರಲಿ.

ಊಟಕ್ಕೆ ವೇಗಸ್ ಬಿಟ್ಟ ಮೇಲೆ ಕಷ್ಟ. ಕ್ರಿಸ್ಮಸ್ ದಿನ ಸಣ್ಣ ಊರುಗಳಲ್ಲಿ ಹೋಟೆಲ್ ಬಾಗಿಲೇ ತೆರೆಯುವುದಿಲ್ಲ. ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಅಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ ಇದ್ದರೆ ಗೆದ್ದಿರಿ. ಅಡುಗೆಗೆ ಬಿಡುತ್ತಾರಾ ಅಂತ ರೂಮ್ ಬುಕ್ ಮಾಡುವಾಗಲೇ ಕೇಳಿ, ಒಗ್ಗರಣೆ ಮಾತ್ರ ಹಾಕಬೇಡಿ, ಹೊಗೆ ಅಲಾರಂ ಹೊಡೆದುಕೊಂಡು ಇಡೀ ಹೋಟೆಲ್ ಹೊರಗೆ ಹಿಮದಲ್ಲಿ ನಿಲ್ಲಬೇಕಾಗುತ್ತದೆ. ಇನ್ನೊಂದು, ಬ್ರೈಸ್‌ನ ಎತ್ತರದಲ್ಲಿ ನೀರು ನೂರಕ್ಕಲ್ಲ, ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಮನೆಯ ಅಳತೆಯಲ್ಲಿ ಇಟ್ಟರೆ ಅನ್ನ ನಡುವೆ ಗಟ್ಟಿ ಉಳಿಯುತ್ತದೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಅರ್ಧ ಲೋಟ ನೀರು ಜಾಸ್ತಿ ಹಾಕಿ, ಕುಕ್ಕರ್ ಆಫ್ ಆದ ಮೇಲೂ ಕಾಲು ಗಂಟೆ ಮುಚ್ಚಳ ತೆಗೆಯಬೇಡಿ ಅಂತ ಅತ್ತೆಯವರಿಗೆ ಹೇಳಿ. ಬೇಳೆ ಬೇಯಿಸುವ ಆಸೆ ಅಲ್ಲಿ ಬಿಟ್ಟುಬಿಡಿ, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೂ ಅದೇ ಕಥೆ. ಸಾರು ಬೇಕೇ ಬೇಕು ಅಂದರೆ ವೇಗಸ್‌ನಲ್ಲೇ ಮಾಡಿ ಡಬ್ಬಿಗೆ ಹಾಕಿಕೊಂಡು ಹೊರಡಿ.